ಗೋಡೆಗೆ ನೆಗಡಿ

ಷೋರೂಮಿನಲ್ಲಿ ಷವರ್ ಅಷ್ಟು ಭೋರ್ಗರೆಯುವುದು ಹಿಂದೊಂದು ಪಂಪು ಅಡಗಿ ಕೂತಿರುವುದರಿಂದ. ಇದನ್ನು ಬಿಲ್ಲು ಕಟ್ಟುವ ಮೊದಲು ಯಾರೂ ಹೇಳುವುದಿಲ್ಲ. ತಲೆಯ ಮೇಲೆ ರೇನ್ ಷವರ್, ಗೋಡೆಯಲ್ಲಿ ನಾಲ್ಕು ಬಾಡಿ ಜೆಟ್, ಕೈಗೊಂದು ಹ್ಯಾಂಡ್ ಷವರ್. ಸೇಲ್ಸ್ ಹುಡುಗ ನಾಬ್ ತಿರುಗಿಸಿ, "ಸ್ಪಾ ಫೀಲಿಂಗ್ ಸಾರ್" ಅಂದ. ನಾನು ಅಲ್ಲೇ ಶರ್ಟಿನ ಗುಂಡಿ ಬಿಚ್ಚುವುದೊಂದು ಬಾಕಿ.

ಮನೆಗೆ ಬಂದವನೇ ಗ್ರಾಫ್ ಹಾಳೆ ಹರಡಿ ಪೈಪುಗಳ ನಕ್ಷೆ ಬರೆದೆ. ಬಿಸಿನೀರಿಗೆ ಕೆಂಪು, ತಣ್ಣೀರಿಗೆ ನೀಲಿ, ಚೆಂದಕ್ಕೆ ಇರಲಿ ಅಂತ ಹಸಿರು. ಹೆಂಡತಿ ಇಣುಕಿ, "ರೀ, ಮೆಟ್ರೋ ಹಸಿರು ಮಾರ್ಗ ನಮ್ಮ ಬಚ್ಚಲಿಗೂ ಬರತ್ತಾ?" ಅಂದಳು.

ಪ್ಲಂಬರ್ ಹಾಳೆ ಮುಟ್ಟಲೇ ಇಲ್ಲ. ತಾರಸಿಗೆ ಹೋಗಿ ಟ್ಯಾಂಕಿನ ಬುಡ ನೋಡಿ ಬಂದು, "ಹೈಟ್ ಸಾಲಲ್ಲ ಸಾರ್" ಅಂದ. 10 ಮೀಟರ್ ಎತ್ತರದಲ್ಲಿ ನೀರು ನಿಂತರೆ ಕೆಳಗೆ ಸುಮಾರು 1 ಬಾರ್ ಒತ್ತಡ. ನಮ್ಮ ಟ್ಯಾಂಕು ಷವರಿಗಿಂತ 2 ಮೀಟರ್ ಮೇಲೆ, 0.2 ಬಾರ್. ಜೆಟ್ಟು ಚಿಮ್ಮಬೇಕಾದರೆ 1 ಬಾರ್ ಆದರೂ ಬೇಕು. ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ಹಾದಿ ಸವೆಸಿ, ಸುಮಾರು 500 ಮೀಟರ್ ಎತ್ತರ ಏರಿ ಬೆಂಗಳೂರಿಗೆ ಬರುವ ಕಾವೇರಿ, ನನ್ನ ಬಚ್ಚಲಲ್ಲಿ ಒಂದಡಿ ಮುಂದೆ ಹಾರಲಾರಳೇ? "ನೀನು ಹಾಕಪ್ಪ, ಬರತ್ತೆ" ಅಂದೆ.

ಟೈಲ್ಸ್ ಒಡೆದು, ಗೋಡೆ ಕೊರೆದು, ಸಿಪಿವಿಸಿ ಪೈಪು ಹೂತದ್ದಾಯಿತು. ಉದ್ಘಾಟನೆಯ ಬೆಳಿಗ್ಗೆ ನಾಲ್ಕೂ ಜೆಟ್ಟಿನಿಂದ ನೀರು ಟೈಲ್ಸಿಗೆ ಅಂಟಿಕೊಂಡೇ ಇಳಿಯಿತು, ಗೋಡೆಗೆ ನೆಗಡಿಯಾದ ಹಾಗೆ. ನೆನೆಯಬೇಕಾದರೆ ನಾನೇ ಗೋಡೆಗೆ ಬೆನ್ನು ಉಜ್ಜಿಕೊಳ್ಳಬೇಕು. ಉಜ್ಜಿಕೊಂಡೆ.

ಆಮೇಲೆ ಪ್ರೆಷರ್ ಪಂಪ್ ಬಂತು. ಬಚ್ಚಲಿಗೆ ಬೇರೆ ಲೈನ್ ಎಳೆಯುವ ಖರ್ಚು ಉಳಿಸಲು ಇಡೀ ಮನೆಯ ಲೈನಿಗೇ ಕೂರಿಸಿದೆ. ಯಾವ ನಲ್ಲಿ ತಿರುಗಿಸಿದರೂ ಪಂಪು ಶುರು. ನಸುಕಿನಲ್ಲಿ ಅಮ್ಮ ಬಾಯಿ ಮುಕ್ಕಳಿಸಿದರೆ ಪಕ್ಕದ ಮನೆಯವರೂ ಏಳುತ್ತಿದ್ದರು. ಹಳೇ ಜಿಐ ಪೈಪಿಗೆ ಈ ಹೊಸ ಹುರುಪು ತಡೆಯಲಿಲ್ಲ. ಅಡುಗೆಮನೆ ಗೋಡೆಯಲ್ಲಿ ಒಂದು ಬೆಂಡು ಬಾಯಿಬಿಟ್ಟಿತು. ಸ್ಪಾ ಫೀಲಿಂಗ್ ಮೊದಲು ದಕ್ಕಿದ್ದು ತೊಗರಿಬೇಳೆಗೆ.

ಕೊನೆಗೆ ಟ್ಯಾಂಕಿನಿಂದ ಬಚ್ಚಲಿಗೆ ಒಂದಿಂಚಿನ ಪ್ರತ್ಯೇಕ ಲೈನ್ ಬಂತು, ಪಂಪು ಅದಕ್ಕೆ ಸೇರಿತು. ಆಗ ನೋಡಬೇಕಿತ್ತು! ಆರೂ ಬಾಯಿ ಸೇರಿ ನಿಮಿಷಕ್ಕೆ 40 ಲೀಟರ್. ಗೀಸರ್ ಮಾತ್ರ 15 ಲೀಟರಿನದು. ಬಿಸಿನೀರು ಸೋಪಿನ ಕಾಗದ ಬಿಚ್ಚುವಷ್ಟರಲ್ಲಿ ಮುಗಿಯಿತು. ತಣ್ಣೀರಾದರೂ ಸರಿ, ಕೊಟ್ಟ ದುಡ್ಡಿಗೆ ಮೋಸವಾಗಬಾರದೆಂದು ನಡುಗುತ್ತಲೇ ನಿಂತೆ. ಹನ್ನೆರಡು ನಿಮಿಷಕ್ಕೆ 500 ಲೀಟರಿನ ಟ್ಯಾಂಕು ಬರಿದು. ಮೈತುಂಬ ನೊರೆ. ಅಮ್ಮ ಬಾಗಿಲ ಸಂದಿಯಿಂದ ಕುಡಿಯುವ ನೀರಿನ ಚೊಂಬು ತೂರಿಸಿ, "ತಗೋ ಮಗ, ಇಷ್ಟರಲ್ಲೇ ಮುಗಿಸ್ಕೋ" ಅಂದಳು.

ಷವರ್ ಕೊಳ್ಳಲು ಹೊರಟವರು ಮೊದಲು ಟೇಪು ಹಿಡಿದು ತಾರಸಿ ಹತ್ತಿ. ಗೀಸರ್ ಎಷ್ಟು ಲೀಟರಿನದೆಂದೂ ನೋಡಿಕೊಳ್ಳಿ. ಎರಡೂ ಸರಿಯಿದ್ದರೆ ನನ್ನನ್ನು ಕಾಣಿ. ನಾಲ್ಕು ಜೆಟ್, ಒಂದು ಡೈವರ್ಟರ್, ಬಿಲ್ಲು ಸಮೇತ ಅರ್ಧ ಬೆಲೆಗೆ ಕೊಡುತ್ತೇನೆ. ಬಿಚ್ಚುವ ಕೂಲಿ ನಿಮ್ಮದು.