ಮುಂಗಡ ವೀರಗಲ್ಲುಗಳು: ಅಮೆರಿಕದ ಹೈಸ್ಕೂಲು ಆಟಗಾರರ ಬರಹಗಳ ಶಾಸನಶಾಸ್ತ್ರೀಯ ಅಧ್ಯಯನ

ಬಿ. ಎಲ್. ರೈಸ್ ಸಾಹೇಬರು ಮೈಸೂರು ಸೀಮೆಯ ಹೊಲದ ಬದು, ಕೆರೆಯ ಏರಿ, ಗುಡಿಯ ಹಿತ್ತಿಲುಗಳಲ್ಲಿ ಬಿದ್ದಿದ್ದ ಕಲ್ಲುಗಳನ್ನೆಲ್ಲ ಓದಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟಗಳನ್ನು ಅಚ್ಚು ಹಾಕಿಸಿದ ಮೇಲೆ, ಹೊಸದಾಗಿ ಹೆಸರು ಮಾಡಬೇಕೆನ್ನುವ ಶಾಸನತಜ್ಞನ ಪಾಲಿಗೆ ಉಳಿದದ್ದು ಎರಡೇ: ಮುಕ್ಕಾದ ಕಲ್ಲುಗಳು, ಮತ್ತು ಉಳಿದ ಶಾಸನತಜ್ಞರೊಡನೆ ಜಗಳ. ಆದ್ದರಿಂದ ಪ್ರಸ್ತುತ ಲೇಖಕನು ಕಲ್ಲು ಬಿಟ್ಟು ಗಾಜಿಗೆ ಬಂದಿದ್ದಾನೆ. ಅಮೆರಿಕದ ಹೈಸ್ಕೂಲು ಆಟಗಾರರು ಕಾಲೇಜು ಕೋಚುಗಳ ಕಣ್ಣಿಗೆ ಬೀಳಲೆಂದು ಎಕ್ಸ್, ಇನ್‌ಸ್ಟಾಗ್ರಾಂಗಳಲ್ಲಿ ಹಾಕಿಸುವ ಬರಹಗಳೇ ಈ ಅಧ್ಯಯನದ ಆಕರ.

ಆಕರಕ್ಕೆ ಬರವಿಲ್ಲ. ಆ ದೇಶದ ಹೈಸ್ಕೂಲುಗಳಲ್ಲಿ ಆಡುವವರು ಸುಮಾರು 80 ಲಕ್ಷ. 1906ರಲ್ಲಿ ಹುಟ್ಟಿದ ಎನ್‌ಸಿಎಎ ಎಂಬ ಕಾಲೇಜು ಕ್ರೀಡಾ ಸಂಸ್ಥೆಯ ಅಡಿಯಲ್ಲಿ ಆಡುವವರು 5 ಲಕ್ಷಕ್ಕೆ ತುಸು ಮೇಲೆ. ಆಟದ ಬಲದಿಂದ ಕಾಲೇಜಿನ ವಿದ್ಯಾರ್ಥಿವೇತನ ಗಿಟ್ಟಿಸುವವರು ನೂರಕ್ಕೆ ಸುಮಾರು ಇಬ್ಬರು ಎಂದು ಆ ಸಂಸ್ಥೆಯೇ ಹೇಳುತ್ತ ಬಂದಿದೆ. ಹಾಗೆಂದು ಉಳಿದ ತೊಂಬತ್ತೆಂಟು ಮಂದಿ ಶಾಸನ ಹಾಕಿಸದೆ ಬಿಟ್ಟಿಲ್ಲ. ನಮ್ಮಲ್ಲಿ ಅರಸ ಭೂಮಿ ಬಿಟ್ಟ ಮೇಲೆ ದಾನಶಾಸನ, ವೀರ ಸತ್ತ ಮೇಲೆ ವೀರಗಲ್ಲು. ಅಲ್ಲಿ ಮೊದಲು ಕಲ್ಲು. ದಾನವೂ ವೀರವೂ ಆಮೇಲೆ, ಬಂದರೆ ಬಂತು. ಈ ಮುಂಗಡ ಪದ್ಧತಿಯೇ ನಮ್ಮ ಪ್ರಮೇಯ.

ಮೊದಲಿಗೆ ಬಿರುದಾವಳಿ. ಖಾತೆಯ ನೆತ್ತಿಯ ಮೇಲೆ ವೀರನು ತನ್ನ ಬಿರುದುಗಳನ್ನು ಒಂದರ ಪಕ್ಕ ಒಂದು ಗೀಟು ಹಾಕಿ ಜೋಡಿಸಿರುತ್ತಾನೆ: ಆರಡಿ ಎರಡಂಗುಲ, 190 ಪೌಂಡು, ಜಿಪಿಎ 3.8, ಕ್ಲಾಸ್ ಆಫ್ 2027, ಕ್ವಾರ್ಟರ್‌ಬ್ಯಾಕ್. ಈ ಪ್ರಕಾರದ ಆದಿಗುರು ಬಾದಾಮಿಯ ಕಪ್ಪೆ ಅರಭಟ್ಟನೆಂಬುದು ನಮ್ಮ ಮತ. ಸುಮಾರು ಕ್ರಿ.ಶ. 700ರ ಆ ಬಂಡೆಬರಹದಲ್ಲಿ ಅವನ ಗುಣಗಳು ತ್ರಿಪದಿಯಲ್ಲಿ ಧಾರಾಳವಾಗಿ ಬಂದಿವೆ. ಅವನು ಯಾರು, ಯಾವ ಕದನದಲ್ಲಿ ಏನು ಮಾಡಿದ ಎಂಬುದು ಮಾತ್ರ ಇಂದಿಗೂ ಸ್ಪಷ್ಟವಿಲ್ಲ. ಸ್ವಂತ ಪ್ರಚಾರದ ಖಾತೆಗೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕೆ? ಐಹೊಳೆಯ ರವಿಕೀರ್ತಿಯಂತೂ 634ರಲ್ಲಿ ಪುಲಕೇಶಿಯನ್ನು ಹೊಗಳುತ್ತ ಹೊಗಳುತ್ತ ಕೊನೆಗೆ ತನ್ನನ್ನೇ ಕಾಳಿದಾಸ, ಭಾರವಿಯರ ಸಾಲಿಗೆ ಸೇರಿಸಿಕೊಂಡ. ಒಂದು ವ್ಯತ್ಯಾಸ ಉಂಟು. ತ್ರಿಭುವನಮಲ್ಲನೆನಿಸಿದ ಆರನೆಯ ವಿಕ್ರಮಾದಿತ್ಯನು ಮೂರು ಲೋಕದಲ್ಲೂ ಅಖಾಡಕ್ಕಿಳಿದಿದ್ದನೇ ಎಂದು ಯಾರೂ ಕೇಳಲಿಲ್ಲ. ಆದರೆ ಆರಡಿ ಎರಡಂಗುಲವೆಂದು ಬರೆದುಕೊಂಡವನ ಹತ್ತಿರ ಬೇಸಿಗೆ ಕ್ಯಾಂಪಿನಲ್ಲಿ ಕೋಚು ಟೇಪು ಹಿಡಿದೇ ಬರುತ್ತಾನೆ. ಬೂಟು ಬಿಚ್ಚಿಸಿದಾಗ ಎಷ್ಟೋ ಬಿರುದುಗಳು ಒಂದೂವರೆ ಅಂಗುಲ ತಗ್ಗುತ್ತವೆ.

ಇನ್ನು ಹೈಲೈಟ್ ವಿಡಿಯೋ. ಇದು ಸಾಕ್ಷಾತ್ ವೀರಗಲ್ಲು. ವಿವಾದಕ್ಕೆ ಎಡೆಯೇ ಇಲ್ಲ. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ವಿಡಿಯೋದಲ್ಲಿ ಮೊದಲು ಆಟ, ಆಮೇಲೆ ಎದೆ ಗುದ್ದಿಕೊಂಡು ಕುಣಿತ, ಕಡೆಗೆ ಬಯಸಿದ ವಿಶ್ವವಿದ್ಯಾಲಯದ ಲಾಂಛನ. ಗುಂಪಿನಲ್ಲಿ ವೀರ ಯಾರೆಂದು ತಿಳಿಯಲಿ ಎಂದು ನಮ್ಮ ರೂವಾರಿ ಅವನೊಬ್ಬನನ್ನು ಉಳಿದವರಿಗಿಂತ ದೊಡ್ಡದಾಗಿ ಕಂಡರಿಸಿದ. 2006ರಲ್ಲಿ ನೆಬ್ರಾಸ್ಕಾದ ಲಿಂಕನ್ ಪಟ್ಟಣದಲ್ಲಿ ಶುರುವಾದ ಹಡಲ್ ಎಂಬ ತಂತ್ರಾಂಶದಲ್ಲಿ ಅದೇ ಕೆಲಸಕ್ಕೆ ಆಟಗಾರನ ಸುತ್ತ ಉಂಗುರ ಹಾಕುತ್ತಾರೆ, ಇಲ್ಲವೇ ತಲೆಯ ಮೇಲೆ ಬಾಣ. ಓದುವ ಕ್ರಮ ಮಾತ್ರ ಉಲ್ಟಾ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಸಾವಧಾನದಿಂದ ಓದಬೇಕು. ಕೋಚುಗಳು ಮೊದಲ ಅರ್ಧ ನಿಮಿಷದಲ್ಲಿ ಮನಸ್ಸು ಮಾಡಿಬಿಡುವುದರಿಂದ ಇಲ್ಲಿ ಕೈಲಾಸಕ್ಕೆ ಒಯ್ಯಬಲ್ಲ ಆಟವನ್ನೇ ಮೊದಲಿಗೆ ಇಡತಕ್ಕದ್ದು. ಹಿನ್ನೆಲೆಗೆ ಕಿವಿಗಡಚಿಕ್ಕುವ ರ‍್ಯಾಪ್ ಸಂಗೀತ ಹಾಕುವುದು ಸಂಪ್ರದಾಯ. ಅದನ್ನು ಸದ್ದಡಗಿಸಿ ನೋಡುವುದು ಕೋಚುಗಳ ಸಂಪ್ರದಾಯ.

ಇಡೀ ವರ್ಷಕ್ಕೆ ಒಂದೇ ಸಾಹಸ ಮಾಡಿದವನು ಏನು ಮಾಡಬೇಕೆಂಬ ಪ್ರಶ್ನೆಗೆ ಮಂಡ್ಯ ಸೀಮೆಯ ಆತಕೂರು ಶಾಸನದಲ್ಲಿ ಉತ್ತರವಿದೆ. ಹತ್ತನೆಯ ಶತಮಾನದ ಆ ಕಲ್ಲಿನಲ್ಲಿ ಕಾಳಿ ಎಂಬ ನಾಯಿ ಒಂದು ಹಂದಿಯೊಡನೆ ಹೋರಾಡಿ ಸತ್ತ ಕಥೆ ಇದೆ. ಒಂದೇ ಕ್ಲಿಪ್ಪು. ಸಾವಿರ ವರ್ಷದಿಂದ ನೋಡುತ್ತಿದ್ದಾರೆ.

ದಾನಶಾಸನಗಳ ಮಾದರಿ ಪಾಠವೊಂದನ್ನು ಇಲ್ಲಿ ಪರಿಷ್ಕರಿಸಿ ಕೊಟ್ಟಿದೆ: “(ಕೈಜೋಡಿಸಿದ ಚಿತ್ರ) ಸಕಲ ಮಹಿಮೆಯೂ ದೇವರಿಗೆ / ಕೋಚ್ [ಅಕ್ಷರ ಸವೆದಿದೆ] ಅವರೊಡನೆ ಅದ್ಭುತವಾದ ಮಾತುಕತೆಯ ತರುವಾಯ / [ವಿಶ್ವವಿದ್ಯಾಲಯ]ದಿಂದ ಆಫರ್ ಪಡೆದು ಧನ್ಯನಾದೆನ್ / (ಬೆಂಕಿ, ಬೆಂಕಿ, ಬೆಂಕಿ).” ಮೊದಲ ಸಾಲು ಮಂಗಳಾಚರಣೆ, ಎರಡನೆಯದು ದಾತೃಪ್ರಶಂಸೆ, ಮೂರನೆಯದು ದತ್ತಿಯ ವಿವರ. ಕೆಳಗೆ ಸಾಕ್ಷಿಗಳು: ಹೈಸ್ಕೂಲಿನ ಕೋಚು, ಜಿಮ್ಮಿನ ಗುರು, 247ಸ್ಪೋರ್ಟ್ಸ್, ರೈವಲ್ಸ್, ಆನ್3 ಮುಂತಾದ ಶ್ರೇಯಾಂಕ ಹಂಚುವ ಸ್ಥಾನಾಚಾರ್ಯರು. ಬೆಂಕಿಯ ಚಿತ್ರ ಮೂರು ಸಲ ಬಂದಿರುವುದು ತ್ರೇತಾಗ್ನಿಯ ಸಂಕೇತವೆಂದು ಒಂದು ಪಕ್ಷ. ಬೆರಳು ಜಾರಿದ್ದೆಂದು ಇನ್ನೊಂದು.

ದತ್ತಿಯ ವಿಚಾರದಲ್ಲಿ ಸಂಶೋಧಕನು ಎಚ್ಚರದಿಂದಿರಬೇಕು. ಆಫರ್ ಎಂಬುದು ಬಾಯಿಮಾತು, ಯಾರನ್ನೂ ಕಟ್ಟಿಹಾಕುವುದಿಲ್ಲ. ಎನ್‌ಸಿಎಎಯ ಮೂರನೆಯ ದರ್ಜೆಯಾದ ಡಿವಿಷನ್ 3ರ ಕಾಲೇಜುಗಳಲ್ಲಿ ಕ್ರೀಡಾ ವಿದ್ಯಾರ್ಥಿವೇತನವೇ ಇಲ್ಲ, ಆದರೂ ಅಲ್ಲಿಂದ ಆಫರ್ ಬಂದ ಶಾಸನಗಳು ಹೇರಳ. ಅರಸನ ಬಳಿ ಅಂಗೈ ಅಗಲ ನೆಲವಿಲ್ಲ, ಭೂದಾನದ ಕಲ್ಲು ಮಾತ್ರ ಊರ ಮುಂದಿದೆ. ‘ಪ್ರಿಫರ್ಡ್ ವಾಕ್-ಆನ್’ ಎಂಬ ಪದವಿ ಬಂದರೆ ತಂಡದಲ್ಲಿ ಜಾಗವುಂಟು, ಫೀಸು ತಂದೆಯದು. ಇವೆಲ್ಲಕ್ಕಿಂತ ವಿಲಕ್ಷಣವಾದದ್ದು ಕ್ಯಾಂಪ್ ಆಮಂತ್ರಣದ ಶಾಸನ. ಒಂದೇ ಪತ್ರ ಸಾವಿರಾರು ಮಂದಿಗೆ ಹೋಗಿರುತ್ತದೆ. ಕ್ಯಾಂಪಿಗೆ ಶುಲ್ಕ ಕಟ್ಟಬೇಕು, ವಿಮಾನದ ಟಿಕೆಟ್ಟು ಬೇರೆ. ದಾನಿಯು ಪಡೆಯುತ್ತಾನೆ, ಪ್ರತಿಗ್ರಾಹಿಯು ಕೊಡುತ್ತಾನೆ, ಧನ್ಯನಾದೆನೆಂದು ಬರೆಸಿಕೊಳ್ಳುವವನೂ ಅವನೇ. ಧರ್ಮಶಾಸ್ತ್ರದಲ್ಲಿ ಇಂಥ ದಾನಕ್ಕೆ ಹೆಸರಿಲ್ಲ.

ಈಗ ಹೃದಯಪ್ರಕರಣ. ಡಿವಿಷನ್ 1ರ ಹೆಚ್ಚಿನ ಆಟಗಳಲ್ಲಿ ಹತ್ತನೆಯ ತರಗತಿ ಮುಗಿದ ಮೇಲಿನ ಜೂನ್ 15ರವರೆಗೆ ಕೋಚು ಹುಡುಗನಿಗೆ ಖಾಸಗಿಯಾಗಿ ಒಂದಕ್ಷರ ಬರೆಯುವಂತಿಲ್ಲ. ಆದರೆ 2016ರ ಆಗಸ್ಟ್ 1ರಿಂದ ಅವನ ಪೋಸ್ಟಿಗೆ ಲೈಕ್ ಒತ್ತಬಹುದು, ಅದನ್ನು ಮರುಹಂಚಬಹುದು, ಕಾಮೆಂಟು ಮಾತ್ರ ಬರೆಯಬಾರದು ಎಂಬ ಕಟ್ಟಳೆ ಬಂತು. ದಕ್ಷಿಣಾಮೂರ್ತಿಯ ಮೌನವ್ಯಾಖ್ಯಾನವು ಹೀಗೆ ಎನ್‌ಸಿಎಎ ನಿಯಮಾವಳಿಯೊಳಗೆ ಪ್ರವೇಶ ಪಡೆಯಿತು. ಗುರು ಮಾತಾಡನು, ಶಿಷ್ಯನ ಸಂಶಯಗಳು ಪರಿಹಾರವಾಗುವ ಬದಲು ಇಮ್ಮಡಿಸುತ್ತವೆ. ಒಂದು ಕೆಂಪು ಹೃದಯಕ್ಕೆ ಎಷ್ಟು ಅರ್ಥ? ಪೂರ್ವಪಕ್ಷದ ಪ್ರಕಾರ ಇದು ಪೂರ್ಣ ವಿದ್ಯಾರ್ಥಿವೇತನದ ಮುನ್ಸೂಚನೆ. ಮಧ್ಯಮಮಾರ್ಗಿಗಳ ಪ್ರಕಾರ, ಬರಿಯ ಲೈಕಿಗಿಂತ ಫಾಲೋ ಶ್ರೇಷ್ಠ, ಫಾಲೋಗಿಂತ ಮರುಹಂಚಿಕೆ ಶ್ರೇಷ್ಠ. ನಮ್ಮ ಸಿದ್ಧಾಂತವಿಷ್ಟೇ: ಅದನ್ನು ಒತ್ತಿದ್ದು ಕೋಚಲ್ಲ, ರಾತ್ರಿ ಹನ್ನೊಂದಕ್ಕೆ ಅವರ ಖಾತೆ ನೋಡಿಕೊಳ್ಳುವ ಸಹಾಯಕ, ಅದೇ ಗಳಿಗೆಯಲ್ಲಿ ಅವನು ಇನ್ನೂ ನಲವತ್ತು ಹೃದಯಗಳನ್ನು ಒತ್ತಿದ್ದ.

ಕನ್ನಡ ಮನೆಗಳ ಶಾಖೆಯನ್ನೂ ಇಲ್ಲಿ ನಮೂದಿಸಬೇಕು. ಕ್ಯಾಲಿಫೋರ್ನಿಯ, ನ್ಯೂಜೆರ್ಸಿಗಳಲ್ಲಿ ನೆಲೆಸಿದ ನಮ್ಮವರ ಮಕ್ಕಳ ಶಾಸನಗಳಲ್ಲಿ ಟೆನಿಸ್, ಈಜು, ಗಾಲ್ಫ್ ಹೆಚ್ಚು. ಲಿಪಿಕಾರನೂ ರೂವಾರಿಯೂ ಅಪ್ಪನೇ. “ಮಗಾ, ಆ ಸರ್ವ್ ಇನ್ನೊಂದ್ಸಲ ಹೊಡಿಯೋ, ನಂದು ಬ್ಯಾಟರಿ ಹೋಗಿತ್ತು” ಎಂಬ ಕೂಗು ವಿಡಿಯೋದಲ್ಲೂ ಉಳಿದಿರುತ್ತದೆ. ಟೆನಿಸ್ ಕೋಚುಗಳು ವಿಡಿಯೋಗಿಂತ ಮೊದಲು ಯುಟಿಆರ್ ಎಂಬ ಅಂಕಿಯನ್ನೇ ನೋಡುವುದರಿಂದ ಈ ಕೂಗಿನಿಂದ ಹಾನಿಯೇನೂ ಇಲ್ಲ. ಶಾಸನವು ವಾಟ್ಸ್ಯಾಪ್ ಮಾರ್ಗವಾಗಿ ಮೈಸೂರು ತಲಪಿದಾಗ ನಡೆಯುವ ಸಂವಾದವೂ ಹೆಚ್ಚುಕಡಿಮೆ ಸ್ಥಿರಪಾಠ:

“ಸೀಟು ಸಿಕ್ತೇನೋ ಕಂದಾ?”

“ಇಲ್ಲ ಅಜ್ಜಿ, ಕೋಚ್ ಲೈಕ್ ಮಾಡಿದಾರೆ.”

“ಮಾಡದೆ ಏನು, ನಿನ್ನ ಯಾರಿಗೆ ಇಷ್ಟ ಆಗಲ್ಲ? ಸೀಟು ಯಾವಾಗ ಕೊಡ್ತಾರಂತೆ?”

ಅಜ್ಜಿಯ ಈ ಕೊನೆಯ ಪ್ರಶ್ನೆಗೆ ಉತ್ತರವಿರುವ ಗ್ರಂಥವನ್ನು ಲೇಖಕನು ನೋಡಿಲ್ಲ.

ಉಳಿದದ್ದು ಶಾಪಾಶಯ. ದತ್ತಿಯನ್ನು ಅಳುಪಿದವನು ಹುಳುವಾಗಿ ಹುಟ್ಟಲೆಂದು ನಮ್ಮ ಶಾಸನಗಳು ಶಪಿಸುತ್ತವೆ. ಅಮೆರಿಕದ ಶಾಸನಗಳ ಶಾಪ ಮೃದು: “ದಯವಿಟ್ಟು ನನ್ನ ನಿರ್ಧಾರವನ್ನು ಗೌರವಿಸಿ.” ಇದು ವಿಶೇಷವಾಗಿ, ಒಂದು ಕಾಲೇಜಿಗೆ ಮಾತು ಕೊಟ್ಟವನು ಮಾತು ಮುರಿದು ಇನ್ನೊಂದಕ್ಕೆ ಹೊರಟಾಗ ಬರುತ್ತದೆ. ಮಾತನ್ನು ಕಟ್ಟಿಹಾಕಲು 1964ರಿಂದ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ ಎಂಬ ಪತ್ರವಿತ್ತು. 2024ರ ಅಕ್ಟೋಬರಿನಲ್ಲಿ ಅದನ್ನೂ ತೆಗೆದರು. ಕಾಲೇಜು ಬದಲಿಸುವವರಿಗೆ 2018ರಿಂದ ಟ್ರಾನ್ಸ್‌ಫರ್ ಪೋರ್ಟಲ್ ಎಂಬ ಹೆಬ್ಬಾಗಿಲೂ ಇದೆ. 2021ರಿಂದ ಹೆಸರು ಮತ್ತು ಮುಖಕ್ಕೆ ಹಣ ಪಡೆಯಲು ಅನುಮತಿಯೂ ಸಿಕ್ಕಿದ್ದರಿಂದ ಆ ಬಾಗಿಲಲ್ಲಿ ಜನಸಂದಣಿ ಜಾಸ್ತಿ.

ಇದರಿಂದ ಭಾವೀ ಸಂಶೋಧಕರಿಗೆ ಕಾಲನಿರ್ಣಯದ ತೊಡಕು ಎದುರಾಗಲಿದೆ. ಒಬ್ಬನೇ ವೀರ, ಮೂರು ವರ್ಷಗಳಲ್ಲಿ ಮೂರು ಲಾಂಛನಗಳ ಕೆಳಗೆ, ಮೂರು ಬಾರಿಯೂ ‘ಇದೇ ನನ್ನ ಮನೆ’ ಎಂದು ಬರೆಸಿದ್ದಾನೆ. ಇವನು ಮೂರು ರಾಜವಂಶಗಳ ಸಾಮಂತನೇ, ಅಥವಾ ಒಂದೇ ಹೆಸರಿನ ಮೂವರೇ? ಹಳೆಯ ಎರಡನ್ನು ಅವನೇ ಅಳಿಸಿಹಾಕಿರುವುದರಿಂದ ಮೂಲವನ್ನು ನೋಡುವಂತಿಲ್ಲ. ಪಡಿಯಚ್ಚುಗಳು ಸ್ಕ್ರೀನ್‌ಶಾಟಿನ ರೂಪದಲ್ಲಿ ಸಿಗುತ್ತವೆ. ಅವನ್ನು ಅತ್ಯಂತ ಜತನದಿಂದ ಕಾಪಾಡಿಕೊಂಡು ಬಂದಿರುವವರು ಅವನು ಬಿಟ್ಟುಬಂದ ಮೊದಲ ಕಾಲೇಜಿನ ಅಭಿಮಾನಿಗಳು. ಕೇಳಿದವರಿಗೂ ಕೇಳದವರಿಗೂ ಪ್ರತಿಗಳನ್ನು ಉಚಿತವಾಗಿ ಹಂಚುತ್ತಿದ್ದಾರೆ.