ಸಮ್ಮಿಶ್ರ ಸರ್ಕಾರದ ತಿಕ್ಕಾಟ: ಒಂದು ಲೀಫ್ ಸ್ಪ್ರಿಂಗಿನ ಸಂದರ್ಶನ

ಫೋರ್ಡ್ ಮಾಡೆಲ್ ಟಿ ಕಾರು 1908ರಿಂದ 1927ರವರೆಗೆ ತಯಾರಾಯಿತು. ಮುಂದಿನ ಆಕ್ಸಲ್‌ಗೊಂದು, ಹಿಂದಿನದಕ್ಕೊಂದು, ಹೀಗೆ ಇಡೀ ಕಾರಿಗೆ ಎರಡೇ ಲೀಫ್ ಸ್ಪ್ರಿಂಗು. ಎರಡೂ ಅಡ್ಡಡ್ಡ ಕೂತಿರುತ್ತವೆ. ಮಾಲೀಕರಿಗೆಂದು ಕಂಪನಿ ಅಚ್ಚು ಹಾಕಿಸಿದ ಕೈಪಿಡಿ ಪ್ರಶ್ನೋತ್ತರದ ರೂಪದಲ್ಲೇ ಇತ್ತು. ಅಲ್ಲಿ ಉತ್ತರ ಕೊಟ್ಟದ್ದು ಕಂಪನಿ. ಇಲ್ಲಿ ಕೊಡುತ್ತಿರುವುದು ಜೀರ್ಣೋದ್ಧಾರಕ್ಕೆ ಗ್ಯಾರೇಜು ಸೇರಿರುವ ಮುಂದಿನ ಸ್ಪ್ರಿಂಗು.

ಪ್ರಶ್ನೆ: ಸ್ಪ್ರಿಂಗಿನ ಸ್ವರೂಪವೇನು?

ಉತ್ತರ: ಉಕ್ಕಿನ ಪ್ಲೇಟುಗಳ ಸಮ್ಮಿಶ್ರ ಸರ್ಕಾರ. ಉದ್ದನೆಯ ಮೇನ್ ಪ್ಲೇಟು ಎಲ್ಲಕ್ಕಿಂತ ಕೆಳಗೆ, ಗಿಡ್ಡವು ಮೇಲೆ, ನಡುವೆ ಒಂದೇ ಸೆಂಟರ್ ಬೋಲ್ಟು. ಭಾರ ಬಿದ್ದಾಗ ಕಮಾನು ಚಪ್ಪಟೆಯಾಗುತ್ತದೆ, ಪ್ಲೇಟುಗಳು ಒಂದರ ಮೇಲೊಂದು ಜಾರುತ್ತವೆ. ಈ ಜಾರಾಟ ಬೋಲ್ಟಿನ ಬಳಿ ಇಲ್ಲವೆನ್ನುವಷ್ಟು ಕಡಿಮೆ, ತುದಿಗಳಲ್ಲಿ ಹೆಚ್ಚು.

ಪ್ರಶ್ನೆ: ಸಮ್ಮಿಶ್ರದಲ್ಲಿ ತಿಕ್ಕಾಟ ಸಹಜವಲ್ಲವೆ?

ಉತ್ತರ: ಸಹಜವಷ್ಟೇ ಅಲ್ಲ, ಅಗತ್ಯ. ಮಾಡೆಲ್ ಟಿಗೆ ಕಾರ್ಖಾನೆಯಿಂದ ಶಾಕ್ ಅಬ್ಸಾರ್ಬರ್ ಬರುತ್ತಿರಲಿಲ್ಲ. ಗುಂಡಿ ದಾಟಿದ ಮೇಲೆ ಕುಣಿತ ತಗ್ಗಿಸುವುದು ಪ್ಲೇಟುಗಳ ತಿಕ್ಕಾಟವೇ. ಕೇಡು ಬರುವುದು ತುಕ್ಕಿನಿಂದ. ನೀರು ನುಗ್ಗಿ ತುಕ್ಕು ಹಿಡಿದರೆ ಪ್ಲೇಟುಗಳು ಕಚ್ಚಿಕೊಳ್ಳುತ್ತವೆ. ಸ್ಪ್ರಿಂಗು ಗಡಸಾಗಿ ಕಿರುಗುಟ್ಟುತ್ತದೆ. ಗಿಡ್ಡ ಪ್ಲೇಟಿನ ತುದಿ ಕೆಳಗಿನ ಪ್ಲೇಟಿನಲ್ಲಿ ಗೀರು ಕೊರೆಯುತ್ತದೆ. ಬಿರುಕು ಶುರುವಾಗುವುದು ಹೆಚ್ಚಾಗಿ ಆ ಗೀರಿನಲ್ಲೇ.

ಪ್ರಶ್ನೆ: ಮಾಲೀಕರ ಕಾಳಜಿ ಹೇಗಿದೆ?

ಉತ್ತರ: ಅಮೋಘ. ಹಿತ್ತಾಳೆಯ ರೇಡಿಯೇಟರಿಗೆ ದಿನಾ ಪಾಲಿಶ್. ಸ್ಪ್ರಿಂಗಿಗೆ ಮಂಜೂರಾದದ್ದು ಎರಡು ಕೋಟು ಕಪ್ಪು ಪೇಂಟು, ಅದೂ ತುಕ್ಕಿನ ಮೇಲೆಯೇ. ಕಾರು ಪ್ರದರ್ಶನಕ್ಕೆ ಬಂದವರು ಬಗ್ಗಿ ನೋಡುವುದಿಲ್ಲ ಎಂಬ ಅಚಲ ನಂಬಿಕೆ ಈ ಯೋಜನೆಯ ತಳಹದಿ.

ಪ್ರಶ್ನೆ: ಸ್ಪ್ರಿಂಗು ಬಿಚ್ಚದೆ ಎಣ್ಣೆ ಹಾಕಬಹುದೆ?

ಉತ್ತರ: ಹಾಕಬಹುದು. ಚಾಸಿಗೆ ಜಾಕು ಕೊಟ್ಟು, ಸ್ಟ್ಯಾಂಡಿನ ಮೇಲೆ ಕೂರಿಸಿ, ಸ್ಪ್ರಿಂಗಿನ ಮೇಲಿನ ಭಾರ ಇಳಿಸಬೇಕು. ಆಮೇಲೆ ತುದಿಗಳ ಹತ್ತಿರ ಪ್ಲೇಟುಗಳನ್ನು ಮೀಟಿ, ಸಂದಿಗೆ ಎಣ್ಣೆ ಅಥವಾ ಗ್ರಾಫೈಟ್ ಬಿಡಬೇಕು. ಚಕ್ರ ನೆಲದಲ್ಲೇ ಇಟ್ಟು ಹೊರಗಿನಿಂದ ಎಣ್ಣೆ ಸುರಿದರೆ ಲಾಭವಾಗುವುದು ಗ್ಯಾರೇಜಿನ ನೆಲಕ್ಕೆ.

ಪ್ರಶ್ನೆ: ಪೂರ್ತಿ ಬಿಚ್ಚಿದರೆ?

ಉತ್ತರ: ಸೆಂಟರ್ ಬೋಲ್ಟು ಸಡಿಲಿಸುವ ಮೊದಲು ಗಟ್ಟಿ ಸಿ-ಕ್ಲಾಂಪ್ ಬಿಗಿಯಬೇಕು. ಕ್ಲಾಂಪ್ ಇಲ್ಲದೆ ಬಿಚ್ಚಿದರೆ ಪ್ಲೇಟುಗಳು ಸಿಡಿದು ಮೆಕ್ಯಾನಿಕ್‌ಗೆ ಪೆಟ್ಟಾಗಬಹುದು. ಪ್ಲೇಟುಗಳಿಗೆ ಕ್ರಮಸಂಖ್ಯೆ, ಎಡ-ಬಲದ ಗುರುತು ಹಾಕಿ, ತಂತಿ ಬ್ರಷ್ಷಿನಿಂದ ತುಕ್ಕು ತೆಗೆಯಬೇಕು. ಬಿರುಕು ಬಿಟ್ಟದ್ದನ್ನು ವೆಲ್ಡ್ ಮಾಡದೆ ಬದಲಾಯಿಸಬೇಕು. ತುದಿಗಳ ಚೂಪು ಅಂಚನ್ನು ಅರದಿಂದ ಉಜ್ಜಿ ದುಂಡಗೆ ಮಾಡಿ, ಗ್ರಾಫೈಟ್ ಗ್ರೀಸನ್ನು ತೆಳ್ಳಗೆ ಸವರಿ, ಅದೇ ಕ್ರಮದಲ್ಲಿ ಜೋಡಿಸಬೇಕು. ಎಣ್ಣೆ ಒಣಗಿದರೂ ಗ್ರಾಫೈಟ್ ಪುಡಿ ಸಂದಿಯಲ್ಲಿ ಉಳಿದು ಕೆಲಸ ಮಾಡುತ್ತದೆ.

ಪ್ರಶ್ನೆ: ಧಾರಾಳವಾಗಿ ಸುರಿದರೆ ಇನ್ನೂ ಒಳ್ಳೆಯದಲ್ಲವೆ?

ಉತ್ತರ: ಹೊರಗೆ ಹರಿದ ಎಣ್ಣೆಗೆ ರಸ್ತೆಯ ಧೂಳು ಅಂಟಿ, ಸವೆತ ತಪ್ಪಿಸಬೇಕಾದ ಎಣ್ಣೆಯೇ ಸವೆಸತೊಡಗುತ್ತದೆ. ತಿಕ್ಕಾಟ ತೀರಾ ಕಡಿಮೆಯಾದರೆ ಕಾರಿನ ಕುಣಿತ ಬೇಗ ನಿಲ್ಲುವುದಿಲ್ಲ. ಧೂಳು, ನೀರು ತಡೆಯಲು ಹಿಂದಿನವರು ಸ್ಪ್ರಿಂಗಿಗೆ ಚರ್ಮದ ಗವಸು ತೊಡಿಸುತ್ತಿದ್ದರು. ಸ್ಪ್ರಿಂಗಿನ ತುದಿಯನ್ನು ಆಕ್ಸಲ್‌ಗೆ ಜೋಡಿಸುವ ಕೊಂಡಿ, ಅಂದರೆ ಶ್ಯಾಕಲ್‌ನ ಲೋಹದ ಬುಶ್ಶಿಗೂ ಎಣ್ಣೆ ಬೇಕು. ಮುಂದಿನ ಕಾಲದ ಕಾರುಗಳ ರಬ್ಬರ್ ಬುಶ್ಶಿಗೆ ಮಾತ್ರ ಇದು ಸಲ್ಲದು. ಖನಿಜ ತೈಲ ತಾಗಿದರೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ.

ಪ್ರಶ್ನೆ: ಕೊನೆಯ ಬೇಡಿಕೆ?

ಉತ್ತರ: ಸ್ಪ್ರಿಂಗನ್ನು ಚಾಸಿಗೆ ಹಿಡಿದಿಡುವ ಕ್ಲಿಪ್ಪುಗಳು ಸದಾ ಬಿಗಿಯಾಗಿರಬೇಕು. ಅವು ಸಡಿಲಾದರೆ ಹೊಡೆತವೆಲ್ಲ ಸೆಂಟರ್ ಬೋಲ್ಟಿನ ಮೇಲೆ ಬಿದ್ದು, ಅದು ತುಂಡಾಗಿ ಚಾಸಿ ಒಂದು ಪಕ್ಕಕ್ಕೆ ಸರಿಯಬಹುದು. ಹೊಸ ಪೇಂಟು, ಗ್ರೀಸು ಕೂತಂತೆ ಹಿಡಿತ ಸಡಿಲಗೊಳ್ಳುವುದರಿಂದ, ಮೊದಲ ಕೆಲವು ಓಡಾಟಗಳಾದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಬೇಕು.