ಮೂಗಿನ ಮರ್ಜಿ

ಮನೆಗೆ ಮರಿಬೆಕ್ಕು ತರಬೇಕೆಂದರೆ ಎಲ್ಲರನ್ನೂ ಒಂದು ಮಾತು ಕೇಳುತ್ತಾರೆ. ಯಜಮಾನರನ್ನು, ಅಜ್ಜಿಯನ್ನು, ಈಗಷ್ಟೇ ಸೋಫಾಕ್ಕೆ ಹೊಸ ಬಟ್ಟೆ ಹೊದಿಸಿದ ಯಜಮಾನತಿಯನ್ನು, ಕೊನೆಗೆ ಮಹಡಿಯ ಬಾಡಿಗೆಯವರನ್ನೂ. ಕೇಳದೆ ಬಿಡುವುದು ಫ್ರಿಜ್ಜಿನ ಮೇಲೆ ಕಣ್ಣು ಮುಚ್ಚಿ ಕೂತ ಹಳೆಯ ಬೆಕ್ಕನ್ನು ಮಾತ್ರ. ಕೇಳಿದ್ದರೂ ಉತ್ತರ ಏನೆಂದು ಗೊತ್ತಿದ್ದದ್ದೇ.

ಮೈಸೂರಿನ ಸರಸ್ವತಿಪುರಂನ ಒಂದು ಮನೆಯಲ್ಲಿ ಹೀಗೇ ಆಯಿತು. ಮಗಳು ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆಯಲ್ಲಿ ಅಂಗೈಯಗಲದ ಕೆಂಚು ಮರಿಯೊಂದನ್ನು ತಂದಳು. ಅಮ್ಮ ಅದನ್ನು ಎತ್ತಿ, ಹತ್ತು ವರ್ಷದಿಂದ ಆ ಮನೆ ಆಳುತ್ತಿದ್ದ ಸುಬ್ಬಿಯ ಮುಖಕ್ಕೇ ಹಿಡಿದು, "ನೋಡೇ, ನಿನಗೆ ತಮ್ಮ ಬಂದಿದಾನೆ" ಎಂದರು. ಸುಬ್ಬಿಗೆ ತಮ್ಮ ಬೇಕಿರಲಿಲ್ಲ. ಬಾಲ ಮೂರು ಪಟ್ಟು ಉಬ್ಬಿತು, ಬುಸ್ಸೆಂದಳು, ಒಂದೇ ನೆಗೆತಕ್ಕೆ ಅಡುಗೆಮನೆಯ ಸಜ್ಜೆ ಏರಿದಳು. ಅಲ್ಲಿದ್ದ ಹಿತ್ತಾಳೆ ಕೊಳದಪ್ಪಲೆ ಅಷ್ಟೇ ವೇಗದಲ್ಲಿ ಕೆಳಗೆ ಬಂತು. ಈ ಗದ್ದಲದಲ್ಲಿ ಮರಿ ಸುಬ್ಬಿಯ ತಟ್ಟೆಯ ಮೊಸರನ್ನ ತಿಂದು ಮುಗಿಸಿ, ಅದರ ಪಕ್ಕದಲ್ಲೇ ಮಲಗಿಬಿಟ್ಟಿತು.

ಇಲ್ಲಿ ಸುಬ್ಬಿಯ ತಪ್ಪೇನೂ ಇಲ್ಲ. ಮನುಷ್ಯರು ಮುಖ ನೋಡಿ ಪರಿಚಯ ಮಾಡಿಕೊಳ್ಳುತ್ತಾರೆ, ಬೆಕ್ಕು ಮೂಗಿನಿಂದ ಮಾಡಿಕೊಳ್ಳುತ್ತದೆ. ಅದರ ಕೆನ್ನೆಯಲ್ಲಿ, ಗಲ್ಲದಲ್ಲಿ, ಪಾದದಡಿಯಲ್ಲಿ ವಾಸನೆಯ ಗ್ರಂಥಿಗಳಿವೆ. ಬಾಗಿಲ ಚೌಕಟ್ಟಿಗೆ, ಗ್ಯಾಸ್ ಸಿಲಿಂಡರಿಗೆ, ಯಜಮಾನರ ಮೊಣಕಾಲಿಗೆ ಕೆನ್ನೆ ತೀಡುವುದನ್ನು ನಾವು ಪ್ರೀತಿ ಎಂದುಕೊಂಡು ಕರಗುತ್ತೇವೆ. ಪ್ರೀತಿ ಇರಬಹುದು, ಆದರೆ ಅದರ ಜೊತೆಗೇ ಆಸ್ತಿ ನೋಂದಣಿಯೂ ನಡೆದಿರುತ್ತದೆ. ಹಾಗೆ ದಾಖಲಾದ ಮನೆಗೆ ಬೇರೆ ವಾಸನೆಯ ಪ್ರಾಣಿಯೊಂದು ಬಂದರೆ ಬುಸ್ಸೆನ್ನದೆ ಇನ್ನೇನು ಮಾಡಬೇಕು? ವರ್ಷಗಟ್ಟಲೆ ಒಂದೇ ಚಾಪೆಯಲ್ಲಿ ಮಲಗಿದ ಬೆಕ್ಕುಗಳಲ್ಲೂ, ಒಂದು ಆಸ್ಪತ್ರೆಗೆ ಹೋಗಿ ಔಷಧಿ ವಾಸನೆ ಹೊತ್ತು ಬಂದರೆ ಇನ್ನೊಂದು ಅದನ್ನು ಕಳ್ಳನೆಂದೇ ತಿಳಿದು ಮೇಲೆ ಬೀಳುವುದುಂಟು.

ಆದ್ದರಿಂದ ಪಶುವೈದ್ಯರು ಹೇಳುವ ಕ್ರಮವೇ ಬೇರೆ. ಮರಿಗೆ ಮೊದಲು ಪ್ರತ್ಯೇಕ ಕೋಣೆ, ಅಲ್ಲೇ ನೀರು, ಹಾಸಿಗೆ, ಮರಳಿನ ತಟ್ಟೆ. ಬಾಗಿಲು ಮುಚ್ಚಿರಬೇಕು. ಮರಿಯ ಕೆನ್ನೆ ಒರೆಸಿದ ಬಟ್ಟೆಯನ್ನು ಹಳೆಯ ಬೆಕ್ಕು ಓಡಾಡುವ ಜಾಗದಲ್ಲಿ, ಹಳೆಯದರ ಬಟ್ಟೆಯನ್ನು ಮರಿಯ ಕೋಣೆಯಲ್ಲಿ ಇಡಬೇಕು. ಮುಚ್ಚಿದ ಬಾಗಿಲ ಆಚೆಗೊಂದು, ಈಚೆಗೊಂದು ಊಟದ ತಟ್ಟೆ; ಮೊದಲು ದೂರ, ಆಮೇಲೆ ದಿನಕ್ಕಿಷ್ಟು ಹತ್ತಿರ. ಆ ವಾಸನೆ ಬಂದಾಗಲೆಲ್ಲ ಊಟ ಬರುತ್ತದೆ ಎಂದು ಹೊಟ್ಟೆಗೆ ಮನವರಿಕೆಯಾದರೆ ಮೂಗು ತಾನಾಗಿ ಮೆತ್ತಗಾಗುತ್ತದೆ. ಅದಾದ ಮೇಲೆ ಜಾಲರಿಯ ಮರೆಯಲ್ಲಿ ಮುಖದರ್ಶನ, ಕೊನೆಗೆ ಜನ ಇದ್ದಾಗ ಸ್ವಲ್ಪ ಹೊತ್ತು ಒಟ್ಟಿಗೆ. ಇಷ್ಟಕ್ಕೆ ಕೆಲವು ಮನೆಗಳಲ್ಲಿ ವಾರ ಸಾಕು, ಕೆಲವು ಕಡೆ ತಿಂಗಳುಗಳೇ ಬೇಕು.

ಇದನ್ನೆಲ್ಲ ಕೇಳಿದ ಅಜ್ಜಿ, "ಸೊಸೇನ ಮನೆ ತುಂಬಿಸ್ಕೊಳ್ಳೋವಾಗ ಒಂದು ಸೇರು ಅಕ್ಕಿ ಒದ್ದರೆ ಮುಗೀತಿತ್ತು. ಈ ಮರಿಗೆ ಇಷ್ಟೊಂದು ಶಾಸ್ತ್ರವೇನೇ?" ಎಂದರು. ಸೊಸೆ ಏನೂ ಹೇಳಲಿಲ್ಲ, ಪಾತ್ರೆ ಮಾತ್ರ ತುಸು ಜೋರಾಗಿ ಸದ್ದಾಯಿತು.

ದೊಡ್ಡವರ ಮನೆಯಲ್ಲೂ ಇದು ಸಲೀಸಲ್ಲ. ಲಂಡನ್ನಿನ 10, ಡೌನಿಂಗ್ ಸ್ಟ್ರೀಟಿನಲ್ಲಿ ಲ್ಯಾರಿ ಎಂಬ ಬೆಕ್ಕು 2011ರಿಂದ ಮುಖ್ಯ ಇಲಿಬೇಟೆಗಾರನ ಹುದ್ದೆಯಲ್ಲಿದೆ. 2016ರಲ್ಲಿ ಪಕ್ಕದ ವಿದೇಶಾಂಗ ಕಚೇರಿಗೆ ಪಾಮರ್‌ಸ್ಟನ್ ಎಂಬ ಬೆಕ್ಕು ನೇಮಕವಾದಾಗ ಇಬ್ಬರೂ ಪತ್ರಿಕಾ ಛಾಯಾಗ್ರಾಹಕರ ಎದುರೇ ಬೀದಿಯಲ್ಲಿ ಹೊಡೆದಾಡಿದರು. ವಿದೇಶಾಂಗ ಕಚೇರಿಯಲ್ಲಿ ರಾಜತಂತ್ರಜ್ಞರಿಗೆ ಬರವಿರಲಿಲ್ಲ, ಯಾರ ತಂತ್ರವೂ ನಡೆಯಲಿಲ್ಲ. 2020ರಲ್ಲಿ ಪಾಮರ್‌ಸ್ಟನ್ ನಿವೃತ್ತಿ ಪಡೆದು ಹೊರಟ, ಲ್ಯಾರಿ ಜಾಗ ಬಿಡಲಿಲ್ಲ. 2024ರಲ್ಲಿ ಪ್ರಧಾನಿಯಾದ ಕೀರ್ ಸ್ಟಾರ್ಮರ್ ಅವರಿಗೆ ಮನೆಯಲ್ಲಿ ಜೋಜೋ ಎಂಬ ಬೆಕ್ಕು ಮೊದಲೇ ಇತ್ತು. ಮಕ್ಕಳು ಜರ್ಮನ್ ಶೆಫರ್ಡ್ ನಾಯಿ ಬೇಕೆಂದು ಹಟ ಹಿಡಿದರು. ಮಾತುಕತೆ ನಡೆದು, ಪ್ರಿನ್ಸ್ ಎಂಬ ಸೈಬೀರಿಯನ್ ಬೆಕ್ಕಿನ ಮರಿಯಲ್ಲಿ ರಾಜಿಯಾಯಿತು. ಡೌನಿಂಗ್ ಸ್ಟ್ರೀಟಿನ ಅವರ ಬಿಡಾರದಿಂದ ಹೊರಬರಲು ಇರುವುದು ಒಂದೇ ಬಾಗಿಲು, ಅದೂ ಬಾಂಬಿಗೂ ಜಗ್ಗದ ಬಾಗಿಲು. ಹಾಗಾಗಿ ಬೆಕ್ಕಿಗೊಂದು ಕಿಂಡಿ ಕೊರೆಸುವುದೇ ಕಷ್ಟವಾಗಿದೆ ಎಂದು ಸ್ಟಾರ್ಮರ್ ಹೇಳಿಕೊಂಡಿದ್ದರು. ಅವರು ಗೊಣಗಬೇಕಿರಲಿಲ್ಲ. ಲ್ಯಾರಿಯಂಥ ಹಿರಿಯನಿರುವ ಕಟ್ಟಡದಲ್ಲಿ ಮರಿಗೆ ಅದಕ್ಕಿಂತ ಒಳ್ಳೆಯ ಬಾಗಿಲು ಸಿಗುವುದುಂಟೇ?

ಮರಿಯ ಕಷ್ಟ ಯಾರಿಗಾದರೂ ಕಾಣುತ್ತದೆ, ಹಳೆಯದರ ಕಷ್ಟ ಕಾಣುವುದಿಲ್ಲ. ಅಲ್ಲಾಡುವುದೆಲ್ಲ ಮರಿಗೆ ಆಟದ ಸಾಮಾನು, ಸುಬ್ಬಿಯ ಬಾಲವೂ ಸೇರಿ. ವಯಸ್ಸಾದ ಬೆಕ್ಕುಗಳಿಗೆ ಕೀಲುನೋವು ಸಾಮಾನ್ಯ. ಮಲಗಿದ್ದಾಗ ಬೆನ್ನ ಮೇಲೆ ಯಾರೋ ಹಾರಿದರೆ ಯಾವ ಮುದುಕಿಗೆ ಹಿಡಿಸುತ್ತದೆ? ಒಟ್ಟಿಗೆ ಬಿಡುವ ಮುನ್ನ ಮರಿಯನ್ನು ದಾರದ ತುದಿಗೆ ಓಡಿಸಿ ದಣಿಸಬೇಕು. ಮರಿಯ ಕಾಲಿಗೆ ಎಟುಕದ ಎತ್ತರದ ಜಾಗವೊಂದು ಹಿರಿಯರಿಗೆಂದೇ ಇರಬೇಕು. ಬೆಕ್ಕು ಎರಡಾದರೆ ಮರಳಿನ ತಟ್ಟೆ ಮೂರು ಎಂಬುದು ಬಲ್ಲವರ ಲೆಕ್ಕ. ಜಿಪುಣತನದಿಂದ ಒಂದೇ ತಟ್ಟೆ ಇಟ್ಟವರ ಹೊಸ ಸೋಫಾ ಬಟ್ಟೆ ಏನಾಗುತ್ತದೆಂದು ವಿವರಿಸುವುದು ಬೇಡ.

ಇನ್ನು, ಬುಸ್ಸೆಂದ ಕೂಡಲೇ ಹಳೆಯದಕ್ಕೆ ಗದರುವ ಚಾಳಿ. ಬುಸ್ಸೆನ್ನುವುದು ಜಗಳವಲ್ಲ, ದೂರ ನಿಲ್ಲು ಎಂಬ ಎಚ್ಚರಿಕೆ. ಅದನ್ನೂ ಬಾಯಿ ಮುಚ್ಚಿಸಿದರೆ ಮುಂದೆ ಉಳಿಯುವುದು ಪಂಜ ಒಂದೇ.

ಸುಬ್ಬಿ ಈಗ ಮರಿಯ ಮೈ ನೆಕ್ಕುತ್ತಾಳೆಂದು ಬರೆದರೆ ಓದುವವರಿಗೆ ಖುಷಿಯಾಗುತ್ತಿತ್ತು. ನೆಕ್ಕುವುದಿಲ್ಲ. ಒಂದೇ ಜಗಲಿಯಲ್ಲಿ ಒಂದು ಮಾರು ದೂರ ಬಿಟ್ಟು ಇಬ್ಬರೂ ಬಿಸಿಲು ಕಾಯಿಸುತ್ತಾರೆ, ಮರಿ ಆ ಮಾರನ್ನು ಮೊಳ ಮಾಡಿದರೆ ತಲೆಗೊಂದು ಏಟು ಬೀಳುತ್ತದೆ, ಉಗುರು ಹೊರಬರುವುದಿಲ್ಲ. ಬೆಕ್ಕಿನ ಲೋಕದಲ್ಲಿ ಇದು ಸೊಗಸಾದ ಸಂಸಾರವೇ.

ಮರಿ ತರಲು ಹೊರಟವರಲ್ಲಿ ಒಂದು ವಿನಂತಿ: ಪೆಟ್ಟಿಗೆ ಒಳಗೆ ಬರುವ ಮುನ್ನವೇ ಹಳೆಯ ಬೆಕ್ಕಿನ ಲಸಿಕೆ ಚೀಟಿ ತೆಗೆದು ನೋಡಿ. ಬೀದಿಯಿಂದ ಬಂದ ಮರಿ ಪ್ಯಾನ್‌ಲ್ಯುಕೋಪೀನಿಯಾ ಎಂಬ ಮಾರಕ ವಾಂತಿಭೇದಿಯ ವೈರಾಣು ಹೊತ್ತು ತರಬಹುದು. ಆ ವೈರಾಣು ನೆಲದಲ್ಲಿ, ಬಟ್ಟೆಯಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಮರಿಯನ್ನು ಮೊದಲು ಪಶುವೈದ್ಯರಿಗೆ ತೋರಿಸಿ, ಜಂತುಹುಳುವಿನ ಔಷಧಿ ಹಾಕಿಸಿ. ಲಸಿಕೆ ಆರೆಂಟು ವಾರದ ವಯಸ್ಸಿನಲ್ಲೇ ಶುರುವಾಗಬೇಕು.